ಹಳೇ ಮನೆ ಸಿನಿಮಾ ರೀಲು ತುಂಡು ತುಂಡಾಗಿದೆ, ಅಂಟಿಸೋದು ಹೇಗೆ?

ಕೋಡಿಬಾಗದವ
ಎಲ್ಲರಿಗೂ ನಮಸ್ಕಾರ. ಕಾರವಾರದ ನಮ್ಮ ಹಳೇ ಮನೆ ಕೆಡವುವ ಮೊದಲು ಸಾಮಾನು ತೆಗೆಯುತ್ತಿದ್ದೆವು. ದೊಡ್ಡಪ್ಪನ ಟ್ರಂಕಿನಲ್ಲಿ ಒಂದಷ್ಟು ಸಿನಿಮಾ ರೀಲು ಸಿಕ್ಕಿವೆ. ದೊಡ್ಡಪ್ಪ ಹಡಗಿನ ಕೆಲಸದಲ್ಲಿದ್ದರು. ರಜೆಗೆ ಊರಿಗೆ ಬಂದರೆ ಕ್ಯಾಮೆರಾ ಕೆಳಗಿಡುತ್ತಿರಲಿಲ್ಲವಂತೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ರೀಲುಗಳು. ಹೆಚ್ಚಿನವು ನೋಡಲಿಕ್ಕೆ ಚೆನ್ನಾಗಿವೆ. ಒಂದು ಮಾತ್ರ ಹಲವು ಕಡೆ ತುಂಡಾಗಿದೆ. ಯಾವ ಕಾಲದಲ್ಲೋ ಯಾರೋ ಸೆಲ್ಲೋಟೇಪ್ ಹಚ್ಚಿದ್ದಾರೆ. ಅದು ಹಳದಿಯಾಗಿ ಪಕ್ಕದ ಸುತ್ತಿಗೂ ಅಂಟಿಕೊಂಡಿದೆ. ಕೆಲವು ಕಡೆ ಅಂಚಿನ ತೂತುಗಳು ಹರಿದಿವೆ.

ನಮಗೆ ಬೇಕಾಗಿರುವುದು ಆ ರೀಲೇ. ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕಾಳಿ ನದಿ, ಲಾಂಚ್ ಹತ್ತುತ್ತಿರುವ ಜನ, ಹಿಂದೆ ಸದಾಶಿವಗಡದ ಗುಡ್ಡ. ಸೆರಗು ತಲೆ ಮೇಲೆ ಎಳೆದುಕೊಂಡಿರುವ ಹೆಂಗಸು ನಮ್ಮ ಅಜ್ಜಿ ಅಂತ ಅಮ್ಮ ಹೇಳುತ್ತಾರೆ. ಮನೆಯಲ್ಲಿ ಅಜ್ಜಿಯ ಫೋಟೋ ಒಂದೂ ಇಲ್ಲ.

ಟ್ರಂಕಿನಲ್ಲೇ ಯೂಮಿಗ್ ಪ್ರೊಜೆಕ್ಟರ್ ಕೂಡ ಇದೆ, ಇನ್ನೂ ಆನ್ ಮಾಡಿ ನೋಡಿಲ್ಲ. ಬೆಂಗಳೂರಿನ ಒಂದು ಅಂಗಡಿಯವರನ್ನು ಕೇಳಿದರೆ "ತುಂಡಾದ ರೀಲು ನಾವು ಮುಟ್ಟಲ್ಲ" ಅಂದರು. ನಾವೇ ಅಂಟಿಸಬಹುದಾ? ಫೆವಿಕ್ವಿಕ್ ನಡೆಯುತ್ತದಾ? ಅಂಟಿಸಿ, ಗೋಡೆ ಮೇಲೆ ಬಿಟ್ಟು, ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕಲ್ವಾ?

ಅಟ್ಟದಡಿಕೆ
ಫೆವಿಕ್ವಿಕ್ ಬೇಡ ಬೇಡ ಬೇಡ. ಒಣಗಿದ ಮೇಲೆ ಗಾಜಿನಷ್ಟು ಗಟ್ಟಿಯಾಗುತ್ತೆ. ಪ್ರೊಜೆಕ್ಟರಿನಲ್ಲಿ ಬಾಗುವಾಗ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ.

ಟೂರಿಂಗ್ ಟಾಕೀಸ್
ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಾನು ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಟೆಂಟ್ ಸಿನಿಮಾದಲ್ಲಿ ಆಪರೇಟರ್ ಆಗಿದ್ದವನು. ಫಿಲ್ಮ್ ಸಿಮೆಂಟ್ ಅಂತ ಬಾಟಲಿಯಲ್ಲಿ ಬರುತ್ತದೆ. ಒಂದು ತುದಿಯ ಮಸಿಯನ್ನು ಬ್ಲೇಡಿನಲ್ಲಿ ಕೆರೆದು, ಸಿಮೆಂಟ್ ಹಚ್ಚಿ, ಇನ್ನೊಂದು ತುದಿ ಮೇಲಿಟ್ಟು ಒತ್ತಿದರೆ ಮುಗಿಯಿತು. ಜನ ಶಿಳ್ಳೆ ಹೊಡೆಯುವುದರೊಳಗೆ ಜೋಡಿಸಿ ಮತ್ತೆ ಆಟ ಶುರು ಮಾಡುತ್ತಿದ್ದೆವು. ಸಿಮೆಂಟ್ ಹಾಕಿದ ಜಾಗ ಎಂದೂ ಬಿಡುವುದಿಲ್ಲ.

ಶಾಲ್ಮಲಾ
ಟಾಕೀಸ್ ಸರ್, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ತಕರಾರು ತೆಗೆಯುತ್ತೇನೆ. ನಿಮ್ಮ ಹತ್ತಿರ ಬಂದಿದ್ದು ಪ್ರಿಂಟ್. ಅದು ಹಾಳಾದರೆ ಕಂಪನಿಯಲ್ಲಿ ನೆಗೆಟಿವ್ ಇರುತ್ತಿತ್ತು, ಇನ್ನೊಂದು ಪ್ರಿಂಟ್ ತೆಗೆಯಬಹುದಿತ್ತು. ಮನೆ ಸಿನಿಮಾ ಹಾಗಲ್ಲ. ಅದು ರಿವರ್ಸಲ್ ಫಿಲ್ಮು. ಕ್ಯಾಮೆರಾದ ಒಳಗೆ ಓಡಿದ ಅದೇ ಪಟ್ಟಿಯನ್ನೇ ಲ್ಯಾಬಿನಲ್ಲಿ ತೊಳೆದು (ಡೆವಲಪ್ ಮಾಡಿ) ವಾಪಸ್ ಕೊಡುತ್ತಿದ್ದರು. ನೆಗೆಟಿವ್ ಅನ್ನೋದೇ ಇಲ್ಲ. ಕೋಡಿಬಾಗದವರ ಕೈಯಲ್ಲಿರುವುದು ಇಡೀ ಜಗತ್ತಿನಲ್ಲಿರುವ ಒಂದೇ ಪ್ರತಿ. ಒಂದು ಫ್ರೇಮನ್ನೂ ಕಳೆಯಬಾರದು ಅನ್ನುವುದು ಅದಕ್ಕೇ.

ಸಿಮೆಂಟ್ ಜೋಡಣೆಯಲ್ಲಿ ಒಂದರ ಮೇಲೊಂದು ಕೂರಿಸಬೇಕು. ಕೆರೆದ ಜಾಗದ ಚಿತ್ರ ಹೋಯಿತು ಅಂತಲೇ ಲೆಕ್ಕ. ಟೇಪ್ ಜೋಡಣೆಯಲ್ಲಿ ತುದಿಗೆ ತುದಿ ತಾಗಿಸಿ ಮೇಲೆ ಟೇಪ್ ಹಾಕುವುದು. ಚಿತ್ರ ಹೋಗುವುದಿಲ್ಲ, ಸರಿ ಬರದಿದ್ದರೆ ಬಿಚ್ಚಿ ಮತ್ತೆ ಮಾಡಬಹುದು. ನಾನು ಪುಣೆಯಲ್ಲಿ ಇದೇ ಕೆಲಸ ಮಾಡುತ್ತೇನೆ, ಊರು ಶಿರಸಿ.

ಕೋಡಿಬಾಗದವರೇ, ಮೊದಲು ಎರಡು ವಿಷಯ ಹೇಳಿ. ರೀಲಿನ ನಡುವಿನ ತೂತು ಸಣ್ಣದಾ ದೊಡ್ಡದಾ? ಮೂಗಿನ ಹತ್ತಿರ ಹಿಡಿದರೆ ವಾಸನೆ ಏನಾದರೂ ಬರುತ್ತದಾ?

ಕುಮಟಾ ಕಡ್ಲೆ
ಹಳೇ ಫಿಲ್ಮು ಬೆಂಕಿ ಹಿಡಿಯುತ್ತದಂತೆ ಅಲ್ವಾ? ಮನೆಯಲ್ಲಿ ಇಟ್ಟುಕೊಳ್ಳಬೇಡಿ ಮಾರಾಯ್ರೇ. ಎಲ್ಲೋ ಓದಿದ್ದೆ, ನೀರಿಗೆ ಹಾಕಿದರೂ ಆರುವುದಿಲ್ಲವಂತೆ.

ಶಾಲ್ಮಲಾ
ಅದು ನೈಟ್ರೇಟ್ ಫಿಲ್ಮು. ಸಿನಿಮಾ ಕಂಪನಿಗಳ 35 ಎಂಎಂ ರೀಲಿನಲ್ಲಿ 1950ರ ಆಸುಪಾಸಿನ ತನಕ ಇತ್ತು. ಮನೆ ಬಳಕೆಯ 8 ಎಂಎಂ ಬಂದದ್ದೇ 1932ರಲ್ಲಿ, ಅದೂ ಸುಲಭಕ್ಕೆ ಬೆಂಕಿ ಹಿಡಿಯದ ಸೇಫ್ಟಿ ಫಿಲ್ಮಿನಲ್ಲಿ. ಸ್ಫೋಟ ಆಗುವುದಿಲ್ಲ, ನಿಶ್ಚಿಂತೆಯಿಂದ ಮಲಗಿ.

ಕೋಡಿಬಾಗದವ
ಧನ್ಯವಾದ ಶಾಲ್ಮಲಾ ಅವರೇ. ನಡುವಿನ ತೂತು ದೊಡ್ಡದು, ನನ್ನ ಕಿರುಬೆರಳು ಹೋಗುತ್ತೆ. ಈ ರೀಲಿಗೆ ವಾಸನೆ ಏನಿಲ್ಲ. ಟ್ರಂಕಿನ ತಳದಲ್ಲಿದ್ದ ಇನ್ನೊಂದು ಡಬ್ಬಿ ತೆರೆದರೆ ಮಾತ್ರ ಉಪ್ಪಿನಕಾಯಿ ಅಂಗಡಿ ಹೊಕ್ಕಂತಾಯಿತು.

ಶಾಲ್ಮಲಾ
ತೂತು ದೊಡ್ಡದು ಅಂದರೆ ಸೂಪರ್ 8. ಹಳೇ ರೆಗ್ಯುಲರ್ 8ರ ರೀಲಿಗೆ ಸಣ್ಣ ತೂತು. ಫಿಲ್ಮಿನ ಅಂಚಿನಲ್ಲೂ ಗೊತ್ತಾಗುತ್ತೆ. ಸೂಪರ್ 8ರಲ್ಲಿ ಅಂಚಿನ ತೂತು ಚಿಕ್ಕದು, ಪ್ರತಿ ಚಿತ್ರದ ನಡುಮಧ್ಯಕ್ಕೆ ಇರುತ್ತೆ. ರೆಗ್ಯುಲರ್ 8ರಲ್ಲಿ ದೊಡ್ಡದು, ಎರಡು ಚಿತ್ರಗಳ ಗಡಿಯಲ್ಲಿರುತ್ತೆ. ಎರಡಕ್ಕೂ ಬೇರೆ ಬೇರೆ ಟೇಪು, ತುಂಡು ಜೋಡಿಸುವ ಸ್ಪ್ಲೈಸರೂ ಬೇರೆ ಬೇರೆ. 8 ಎಂಎಂ ಅಂತ ಮಾತ್ರ ಹೇಳಿ ತರಿಸಿದರೆ ತಪ್ಪು ಸಾಮಾನು ಬರುತ್ತೆ.

ಆ ಇನ್ನೊಂದು ಡಬ್ಬಿಯನ್ನು ಈಗಲೇ ಬೇರೆ ಕೋಣೆಗೆ ಸಾಗಿಸಿ. ಫಿಲ್ಮಿನ ತಳದ ಪ್ಲಾಸ್ಟಿಕ್, ಅಂದರೆ ಅಸಿಟೇಟ್, ಕೊಳೆಯುವಾಗ ಅಸಿಟಿಕ್ ಆಸಿಡ್ ಬಿಡುತ್ತೆ. ವಿನೆಗರ್ ಸಿಂಡ್ರೋಮ್ ಅನ್ನೋದು ಇದಕ್ಕೇ. ಬಿಟ್ಟ ಆಸಿಡ್ಡೇ ಮುಂದಿನ ಕೊಳೆತವನ್ನು ಜೋರು ಮಾಡುತ್ತೆ, ಪಕ್ಕದ ಒಳ್ಳೇ ರೀಲುಗಳನ್ನೂ ಕೆಡಿಸುತ್ತೆ. ಸೆಕೆ, ತೇವ ಎರಡೂ ಸೇರಿದರೆ ಕೇಳುವುದೇ ಬೇಡ. ಕಾರವಾರದಲ್ಲಿ ಎರಡಕ್ಕೂ ಬರಗಾಲ ಇಲ್ಲವಲ್ಲ.

ಟೂರಿಂಗ್ ಟಾಕೀಸ್
ಒಪ್ಪಿದೆ, ಒಂದೇ ಪ್ರತಿ ಅನ್ನುವುದು ದೊಡ್ಡ ಮಾತು. ಆದರೆ ಟೇಪನ್ನು ತಲೆ ಮೇಲೆ ಹೊತ್ತು ಮೆರೆಸಬೇಡಿ. ಟೇಪಿನ ಅಂಟು ಬೇಸಿಗೆಯಲ್ಲಿ ಒಸರುತ್ತೆ, ಧೂಳು ಹಿಡಿಯುತ್ತೆ, ವರ್ಷ ಕಳೆದರೆ ಜಾರುತ್ತೆ. ಸಿಮೆಂಟ್ ಅಂದರೆ ಅಂಟಲ್ಲ. ಫಿಲ್ಮಿನ ತಳವನ್ನೇ ಕರಗಿಸಿ ಬೆಸುಗೆ ಹಾಕುತ್ತೆ.

ಶಾಲ್ಮಲಾ
ಬೆಸುಗೆ ನಿಜ. ಆದರೆ ಸಿಮೆಂಟ್ ಜೋಡಣೆ ಎಂದೂ ಬಿಡುವುದಿಲ್ಲ ಅನ್ನುವುದನ್ನು ಒಪ್ಪಲ್ಲ. ನನ್ನ ಮೇಜಿಗೆ ಬರುವ ತುಂಡಾದ ಮನೆ ರೀಲುಗಳಲ್ಲಿ ಬಹಳಷ್ಟು ತುಂಡಾಗಿರುವುದು ಹಳೇ ಸಿಮೆಂಟ್ ಒಣಗಿ ಬಿಟ್ಟ ಜಾಗದಲ್ಲೇ. ಇನ್ನೊಂದು ವಿಷಯ. ಸಿಮೆಂಟ್ ಹಿಡಿಯುವುದು ಅಸಿಟೇಟಿಗೆ ಮಾತ್ರ. ಫ್ಯೂಜಿಯ ಸಿಂಗಲ್-8 ಫಿಲ್ಮು 1965ರಲ್ಲಿ ಬಂತಲ್ಲ, ಅದು ಪಾಲಿಯೆಸ್ಟರ್. ಅದಕ್ಕೆ ನೀವು ಬಾಟಲಿಗಟ್ಟಲೆ ಸಿಮೆಂಟ್ ಸುರಿದರೂ ಹಿಡಿಯಲ್ಲ. ದೊಡ್ಡಪ್ಪ ಹಡಗಿನವರು ಅಂದರೆ ಜಪಾನಿನ ಬಂದರಿನಲ್ಲಿ ಕ್ಯಾಮೆರಾ ಕೊಂಡಿರಬಹುದು. ಹಾಗಾಗಿ ನೋಡಿಕೊಳ್ಳಿ.

ಟೂರಿಂಗ್ ಟಾಕೀಸ್
ಪಾಲಿಯೆಸ್ಟರ್ ವಿಷಯ ಸರಿ. 90ರ ನಂತರ ಬಂದ ಪ್ರಿಂಟುಗಳಿಗೆ ನಾವೂ ಟೇಪೇ ಹಾಕುತ್ತಿದ್ದೆವು. ಅದು ಹರಿಯುವುದೂ ಇಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಮಿಷಿನ್ನಿನ ಹಲ್ಲು ಮುರಿಯುತ್ತೇ ಹೊರತು ಫಿಲ್ಮು ತುಂಡಾಗಲ್ಲ.

ಹೊನ್ನಾವರ ಹೊಳೆ
ಯಾವುದು ಪಾಲಿಯೆಸ್ಟರ್, ಯಾವುದು ಅಸಿಟೇಟ್ ಅಂತ ಮನೆಯಲ್ಲೇ ಗೊತ್ತಾಗೋದು ಹೇಗೆ?

ಶಾಲ್ಮಲಾ
ಸುತ್ತಿದ ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ. ಪಾಲಿಯೆಸ್ಟರ್ ಆದರೆ ಸುತ್ತುಗಳ ಮೂಲಕ ಬೆಳಕು ತೂರಿ ಬರುತ್ತೆ. ಅಸಿಟೇಟ್ ಆದರೆ ಕಪ್ಪಗೆ ಕಾಣುತ್ತೆ. ಕೋಡಿಬಾಗದವರ ರೀಲು ಇಷ್ಟು ಕಡೆ ಹರಿದಿದೆ ಅಂದರೆ ಅಸಿಟೇಟೇ ಇರಬೇಕು.

ನೇಲ್ ಪಾಲಿಶ್
ಸಿಮೆಂಟ್ ಸಿಗದಿದ್ದರೆ ಅಸಿಟೋನ್ ಹಚ್ಚಬಹುದು. ಯೂಟ್ಯೂಬಲ್ಲಿ ನೋಡಿದೆ.

ಶಾಲ್ಮಲಾ
ದಯವಿಟ್ಟು ಬೇಡ. ಆ ಕಾಲದ ಅಸಿಟೇಟ್ ಫಿಲ್ಮೆಲ್ಲ ಟ್ರೈಅಸಿಟೇಟ್, ಅದು ಬರೀ ಅಸಿಟೋನಿಗೆ ಸರಿಯಾಗಿ ಕರಗುವುದಿಲ್ಲ. ಜೋಡಣೆ ಹಿಡಿದ ಹಾಗೆ ಕಂಡು ಆಮೇಲೆ ಕೈಕೊಡುತ್ತೆ. ಸಿಮೆಂಟಿನಲ್ಲಿ ಬೇರೆ ದ್ರಾವಕಗಳೂ ಇರುತ್ತವೆ. ಅದರ ಹೊಗೆಯೂ ಒಳ್ಳೆಯದಲ್ಲ, ಬಾಗಿಲು ಕಿಟಕಿ ತೆಗೆದೇ ಬಳಸಬೇಕು.

ಸದಾಶಿವಗಡ್ ಸ್ಟಾರ್
ಅಂಟಿನ ವಿಷಯ ಪಕ್ಕಕ್ಕಿಡಿ. ಲಾಂಚಿನ ಫಿಲ್ಮು ಅಂದ್ರಲ್ಲ!! ಸೇತುವೆ ಆಗುವ ಮೊದಲು ನಮ್ಮ ಅಪ್ಪ ದಿನಾ ಅದರಲ್ಲೇ ಕಾರವಾರಕ್ಕೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಕಾಳಿ ತುಂಬಿದಾಗ ಆಚೆಯವರು ಆಚೆ, ಈಚೆಯವರು ಈಚೆ. ಆ ಲಾಂಚ್ ನಿಲ್ಲಿಸಿದ ಸೇತುವೆಯೂ 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿತ್ತು. ಫಿಲ್ಮು ಸರಿಯಾದರೆ ನಮ್ಮ ಕಡೆಯವರಿಗೆ ತೋರಿಸಲೇಬೇಕು ನೀವು.

ಅಟ್ಟದಡಿಕೆ
ಸೇತುವೆ ಇಲ್ಲ ಅಂದರೆ ಕಾಲವೂ ಗೊತ್ತಾಯಿತಲ್ಲ. ಸೂಪರ್ 8 ಬಂದದ್ದು 1965ರಲ್ಲಿ, ಸೇತುವೆ ಆದದ್ದು 80ರ ದಶಕದ ಶುರುವಿನಲ್ಲಿ. ಅದರ ನಡುವೆ ಯಾವಾಗಲೋ ತೆಗೆದದ್ದು.

ಸದಾಶಿವಗಡ್ ಸ್ಟಾರ್
ಸೇತುವೆ ಕಂಬ ಅರ್ಧ ಎದ್ದು ನಿಂತಿರುವುದು ಹಿಂದೆ ಕಾಣುತ್ತದಾ ನೋಡಿ. ಕಂಡರೆ ಇನ್ನೂ ಹತ್ತಿರಕ್ಕೆ ಬರಬಹುದು.

ಬೂಸ್ಟು ಬಂಗಾರಿ
ನಮ್ಮನೆ ಯಲ್ಲಾಪುರದ ಹತ್ತಿರ. ನಮ್ಮಲ್ಲೂ ಒಂದು ರೀಲಿದೆ, ತುಂಡಾಗಿಲ್ಲ, ಆದರೆ ಮೇಲೆಲ್ಲ ಬಿಳೀ ಬೂಸ್ಟು ಬಲೆಬಲೆಯಾಗಿ ಹಬ್ಬಿದೆ. ಸ್ಯಾನಿಟೈಸರ್ ಹಾಕಿ ಒರೆಸಲಾ? ಕೊರೊನಾ ಕಾಲದ್ದು ಇನ್ನೂ ಅರ್ಧ ಕ್ಯಾನ್ ಉಳಿದಿದೆ.

ಶಾಲ್ಮಲಾ
ಸ್ಯಾನಿಟೈಸರಿನಲ್ಲಿ ನೀರಿರುತ್ತೆ, ಗ್ಲಿಸರಿನ್ ಇರುತ್ತೆ. ಅದೇ ತೊಂದರೆ. ಫಿಲ್ಮಿನ ಚಿತ್ರ ಕೂತಿರುವುದು ಜೆಲಾಟಿನ್ ಮೇಲೆ. ಬೂಸ್ಟಿಗೆ ಜೆಲಾಟಿನ್ ಅಂದರೆ ಊಟ. ತಿಂದ ಜಾಗದಲ್ಲಿ ಜೆಲಾಟಿನ್ ನೀರಿಗೆ ಕರಗುವ ಹಾಗೆ ಆಗಿಬಿಡುತ್ತೆ. ಅಲ್ಲಿಗೆ ನೀರು ತಾಗಿಸಿದರೆ ಬೂಸ್ಟಿನ ಜೊತೆ ಚಿತ್ರವೂ ಬಟ್ಟೆಗೆ ಬರುತ್ತೆ. ಮೊದಲು ಒಣ ಜಾಗದಲ್ಲಿಟ್ಟು ಬೂಸ್ಟು ಒಣಗಲು ಬಿಡಿ. ಆಮೇಲೆ ನಾರು ಬಿಡದ ಒಣ ಬಟ್ಟೆಯಲ್ಲಿ ಹಗುರಾಗಿ ಒರೆಸಿ. ಅದಕ್ಕೂ ಹೋಗದಿದ್ದರೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ಅದೂ ರೀಲಿನ ಶುರುವಿನ ಖಾಲಿ ಪಟ್ಟಿಯ ಮೇಲೆ ಹಚ್ಚಿ ನೋಡಿದ ನಂತರ. ಮಾಸ್ಕ್ ಹಾಕಿಕೊಳ್ಳಿ. ಮಾಸ್ಕೂ ಉಳಿದಿರಬೇಕಲ್ಲ.

ಬೂಸ್ಟು ಬಂಗಾರಿ
ಮಾಸ್ಕು ಡಬ್ಬಗಟ್ಟಲೆ ಇದೆ 😄

ಅಟ್ಟದಡಿಕೆ
ನಮ್ಮ ಕಡೆ ಇದಕ್ಕೊಂದು ಉಪಾಯ ಇತ್ತು. ಒಲೆ ಮೇಲಿನ ಹೊಗೆ ಅಟ್ಟದಲ್ಲಿ ಇಟ್ಟುಬಿಡುವುದು. ಶಿರಸಿ ಮಳೆಗಾಲದಲ್ಲೂ ಅಲ್ಲಿ ಬೂಸ್ಟು ಅನ್ನೋದು ಇಲ್ಲ. ಅಜ್ಜ ತಾಳಮದ್ದಳೆ ಪುಸ್ತಕ, ಜಾತಕ, ಭೂಮಿ ಕಾಗದ ಎಲ್ಲ ಅಲ್ಲೇ ಇಡುತ್ತಿದ್ದರು. ನಮ್ಮನೆ ರೆಗ್ಯುಲರ್ 8 ರೀಲೂ ಅಲ್ಲೇ ಇತ್ತು. ಇವತ್ತಿಗೂ ಬೂಸ್ಟಿಲ್ಲ.

ಶಾಲ್ಮಲಾ
ಬೂಸ್ಟಿಲ್ಲ ಸರಿ. ಸುರುಳಿ ಬಿಚ್ಚಿದರೆ ಚಪ್ಪಟೆ ಬರುತ್ತದಾ?

ಅಟ್ಟದಡಿಕೆ
...ಇಲ್ಲ. ದೋಣಿಯ ಹಾಗೆ ಅಡ್ಡಕ್ಕೆ ಬಾಗಿದೆ.

ಶಾಲ್ಮಲಾ
ಹೊಗೆ ಅಟ್ಟದ ಸೆಕೆ ಫಿಲ್ಮನ್ನು ಒಣಗಿಸಿ ಕುಗ್ಗಿಸುತ್ತೆ. ಕಾಗದಕ್ಕೆ ಒಳ್ಳೆಯ ಜಾಗ, ಫಿಲ್ಮಿಗಲ್ಲ. ಫಿಲ್ಮಿಗೆ ತಂಪು ಬೇಕು, ತೇವ 30ರಿಂದ 50 ಪರ್ಸೆಂಟ್ ನಡುವೆ ಇದ್ದರೆ ಒಳ್ಳೆಯದು. 65 ದಾಟಿದರೆ ಬೂಸ್ಟು ಬಂತು ಅಂತಲೇ. ನಿಮ್ಮ ರೀಲನ್ನು ಮಾತ್ರ ಯಾವ ಪ್ರೊಜೆಕ್ಟರಿಗೂ ಹಾಕಬೇಡಿ. ಕುಗ್ಗಿದ ಫಿಲ್ಮಿನ ತೂತುಗಳ ನಡುವಿನ ಅಂತರ ಕಡಿಮೆಯಾಗಿರುತ್ತೆ. ಪ್ರೊಜೆಕ್ಟರಿನ ಕೊಕ್ಕೆ ಹಳೇ ಅಳತೆಯಲ್ಲೇ ಬಂದು ಚುಚ್ಚುತ್ತೆ. ಒಂದು ಪರ್ಸೆಂಟ್ ಕುಗ್ಗಿದ್ದರೂ ಸಾಕು, ತೂತುಗಳು ಸಾಲಾಗಿ ಹರಿದುಕೊಂಡು ಹೋಗುತ್ತವೆ.

ಕೋಡಿಬಾಗದವರಿಗೂ ಇದೇ ಮಾತು. ಮೊಬೈಲಿನಲ್ಲಿ ಗೋಡೆ ರೆಕಾರ್ಡ್ ಮಾಡುವ ಯೋಚನೆ ಬಿಟ್ಟುಬಿಡಿ. ಮೊದಲನೆಯದಾಗಿ ಚಿತ್ರ ಮಿಣಕುತ್ತೆ. ಪ್ರೊಜೆಕ್ಟರ್ ಸೆಕೆಂಡಿಗೆ 18 ಫ್ರೇಮು, ಮೊಬೈಲು 30, ಎರಡಕ್ಕೂ ತಾಳ ಕೂಡಲ್ಲ. ಅದು ಹೋಗಲಿ. ಜೋಡಣೆ ಬಲ್ಬಿನ ಎದುರಿನ ಕಿಂಡಿಯಲ್ಲಿ (ಗೇಟ್) ಸಿಕ್ಕಿಕೊಂಡು ಫಿಲ್ಮು ನಿಂತರೆ ಬಲ್ಬಿನ ಬಿಸಿಗೆ ಆ ಫ್ರೇಮು ಕಣ್ಣೆದುರೇ ಗುಳ್ಳೆ ಎದ್ದು ಕರಗುತ್ತೆ.

ಟೂರಿಂಗ್ ಟಾಕೀಸ್
ಈ ಮಾತಿಗೆ ನನ್ನದೂ ಒಂದು ವೋಟು. ಗುಳ್ಳೆ ಏಳುವುದನ್ನು ಒಮ್ಮೆ ಪರದೆ ಮೇಲೆ ನೋಡಿದವರು ಮರೆಯುವುದಿಲ್ಲ. ಎಷ್ಟೋ ವರ್ಷ ಕೂತಿದ್ದ ಮಿಷಿನ್ನಿಗೆ ಸುಮ್ನೆ ಕರೆಂಟ್ ಕೊಡುವುದೂ ಒಳ್ಳೆಯದಲ್ಲ. ವೈರು ಸುಟ್ಟೀತು.

ಕೋಡಿಬಾಗದವ
ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಏನು? ಇಡೀ ರೀಲನ್ನು ಹೀಗೇ ಪುಣೆಗೆ ಮುಂಬೈಗೆ ಕಳಿಸುವುದಾ?

ಶಾಲ್ಮಲಾ
ತುಂಡುಗಳನ್ನು ಜೋಡಿಸುವುದು ನಿಮ್ಮ ಕೈಯಲ್ಲೇ ಆಗುತ್ತೆ, ತಾಳ್ಮೆ ಇದ್ದರೆ. ಹೇಗೆ ಅಂತ ಹೇಳುತ್ತೇನೆ.

ಸೂಪರ್ 8ರ ಟೇಪ್ ಸ್ಪ್ಲೈಸರ್ ಆನ್‌ಲೈನಲ್ಲಿ ಹಳೇದು ಸಿಗುತ್ತೆ. ಬೆರಳುದ್ದದ ತಟ್ಟೆ, ಅದರ ಮೇಲೆ ಸಾಲಾಗಿ ಸಣ್ಣ ಮೊಳೆಗಳು. ಫಿಲ್ಮಿನ ತೂತು ಆ ಮೊಳೆಗೆ ಕೂರಬೇಕು. ಟೇಪು ಮಾತ್ರ ಹೊಸದೇ ಬೇಕು, ಸೂಪರ್ 8ರದ್ದೇ ಬೇಕು. ಅದರಲ್ಲಿ ಮೊದಲೇ ತೂತು ಹೊಡೆದಿರುತ್ತೆ. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ಫ್ಯಾನ್ ಆರಿಸಿ. ಹತ್ತಿಯ ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಕೈ ತೊಳೆದು ಪೂರ್ತಿ ಒಣಗಿಸಿ ಅಂಚು ಮಾತ್ರ ಹಿಡಿಯಿರಿ. ಮೀನು ಹುರಿದ ಕೈಯಲ್ಲಿ ಕೂರಬೇಡಿ, ಕಾರವಾರದವರಿಗೆ ಇದನ್ನು ಹೇಳಲೇಬೇಕು.

ಮೊದಲು ಎರಡೂ ತುಂಡುಗಳ ಮುಖ ನೋಡಿ. ಹೊಳೆಯುವುದು ತಳ, ಮಂಕಾಗಿರುವುದು ಚಿತ್ರ ಇರುವ ಕಡೆ. ಕೊಡಾಕ್ರೋಮ್ ಅನ್ನುವ ಕೊಡಕ್ ಬಣ್ಣದ ಫಿಲ್ಮು ಆದರೆ, ಓರೆಯಾಗಿ ಹಿಡಿದಾಗ ಮಂಕು ಕಡೆಯಲ್ಲಿ ಚಿತ್ರ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತೆ. ಎರಡೂ ತುಂಡು ಒಂದೇ ಮುಖ ಮೇಲಾಗಿ, ತಲೆ ಮೇಲೆ ಕಾಲು ಕೆಳಗಾಗಿ ಇದೆಯಾ ನೋಡಿಕೊಳ್ಳಿ. ಇಲ್ಲವಾದರೆ ಅಜ್ಜಿ ಅರ್ಧ ದಾರಿಯಲ್ಲಿ ತಲೆಕೆಳಗಾಗುತ್ತಾರೆ.

ಈಗ ಹರಿದ ತುದಿ. ಪುಸ್ತಕಗಳಲ್ಲಿ ಫ್ರೇಮಿನ ಗಡಿಗೆ ನೇರವಾಗಿ ಕತ್ತರಿಸಿ ಜೋಡಿಸಿ ಅಂತ ಇರುತ್ತೆ. ನಾನು ಕತ್ತರಿಸಬೇಡಿ ಅನ್ನುತ್ತೇನೆ. ಹರಿದದ್ದು ಓರೆಯಾಗಿದ್ದರೂ ಎರಡು ತುದಿ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಹಾಗೇ ತಾಗಿಸಿ. ನಡುವೆ ಸಂದು ಉಳಿಯಬಾರದು, ಒಂದರ ಮೇಲೊಂದು ಹತ್ತಲೂಬಾರದು. ಟೇಪನ್ನು ಚಿಮುಟದಲ್ಲಿ ಹಿಡಿದು, ತೂತು ಮೊಳೆಗೆ ಕೂರಿಸಿ, ನಡುವಿನಿಂದ ಹೊರಕ್ಕೆ ಉಜ್ಜಿ. ಗಾಳಿಗುಳ್ಳೆ ಇದ್ದರೆ ಬೆಳ್ಳಗೆ ಕಾಣುತ್ತೆ, ಪೂರ್ತಿ ಪಾರದರ್ಶಕ ಆಗುವ ತನಕ ಉಜ್ಜಬೇಕು. ಆಮೇಲೆ ತಿರುಗಿಸಿ ಇನ್ನೊಂದು ಕಡೆಗೂ ಹಾಕಿ. ಒಂದೇ ಕಡೆ ಹಾಕಿದರೆ ಬಾಗಿಲಿನ ತಿರುಗಣಿಯಂತೆ ಬಾಗುತ್ತೆ.

ಅಂಚಿನ ತೂತು ಹರಿದ ಕಡೆಯೂ ಇದೇ ಟೇಪು ಸಾಕು. ಸೆಲ್ಲೋಟೇಪ್ ಅಂಟಿಕೊಂಡ ಭಾಗವನ್ನು ಮಾತ್ರ ಬಿಡಿ. ಹೊಳೆಯುವ ಕಡೆ ಅಂಟಿದ್ದರೆ ನಿಧಾನಕ್ಕೆ, ಫಿಲ್ಮಿಗೆ ಸಮವಾಗಿ ಮಲಗಿಸಿ ಎಳೆಯಬಹುದು. ಚಿತ್ರದ ಕಡೆ ಅಂಟಿದ್ದರೆ ಎಳೆದ ಕೂಡಲೇ ಬಣ್ಣದ ಪದರವೇ ಎದ್ದು ಬರುತ್ತೆ. ಅದು ಲ್ಯಾಬಿನ ಕೆಲಸ.

ಹೊನ್ನಾವರ ಹೊಳೆ
ಇದನ್ನು ಸೇವ್ ಮಾಡಿಕೊಂಡೆ. ಒಂದು ಡೌಟು. ನಮ್ಮ ರೀಲಿನ ಅಂಚಿನಲ್ಲಿ ಕಂದು ಬಣ್ಣದ ಸಪೂರ ಗೆರೆ ಉದ್ದಕ್ಕೂ ಇದೆ. ಅದೇನು, ತುಕ್ಕಾ?

ಶಾಲ್ಮಲಾ
ತುಕ್ಕಲ್ಲ, ಧ್ವನಿ! ಮ್ಯಾಗ್ನೆಟಿಕ್ ಪಟ್ಟಿ ಅದು. 1973ರಲ್ಲಿ ಕೊಡಕ್ ಮಾತಾಡುವ ಸೂಪರ್ 8 ತಂದಿತು. ಪಟ್ಟಿಯ ಮೇಲೆ ಟೇಪ್ ಹತ್ತಿಸಬೇಡಿ, ಅಷ್ಟು ಹೊತ್ತು ಧ್ವನಿ ಹೋಗುತ್ತೆ. ಧ್ವನಿ ತನ್ನ ಚಿತ್ರಕ್ಕಿಂತ 18 ಫ್ರೇಮು ಮುಂದೆ ಇರುತ್ತೆ. ಅಂದರೆ ಇಲ್ಲಿ ಒಂದು ತುಂಡು ಕತ್ತರಿಸಿದರೆ ಬೇರೆ ಕಡೆಯ ಮಾತು ಮಾಯ ಆಗುತ್ತೆ. ಪಟ್ಟಿ ಇರುವ ಫಿಲ್ಮಿಗೆ ವಿನೆಗರ್ ಕಾಟವೂ ಬೇಗ. ಆ ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಕಾರಣ.

ಹೊನ್ನಾವರ ಹೊಳೆ
ಅಯ್ಯೋ ಹಾಗಾದರೆ ಆಟದ ಭಾಗವತಿಕೆ ಅದರಲ್ಲಿ ಇರಬಹುದು! ನಮ್ಮ ರೀಲು ಯಕ್ಷಗಾನದ್ದು.

ಅರ್ಗಾ
ತಡವಾಗಿ ಬಂದೆ. ಕೋಡಿಬಾಗದವರೇ, ನಿಮ್ಮ ದೊಡ್ಡಪ್ಪ ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ಏನಾದರೂ ತೆಗೆದಿದ್ದಾರಾ? ನಮ್ಮ ಮನೆ ಅರ್ಗಾ ಕಡಲ ತಡಿಯಲ್ಲಿತ್ತು. ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಹೋಯಿತು. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಶುರು. ಈಗ ಅಲ್ಲಿಗೆ ನಮಗೆ ಪ್ರವೇಶ ಇಲ್ಲ. ಮಕ್ಕಳಿಗೆ ಇಲ್ಲೇ ಇತ್ತು ಮನೆ ಅಂತ ತೋರಿಸಲಿಕ್ಕೆ ಹೆದ್ದಾರಿಯಿಂದ ಕಾಂಪೌಂಡ್ ತೋರಿಸಬೇಕು. ಯಾರ ಹತ್ತಿರವಾದರೂ ಆ ಬೀಚಿನ ಫಿಲ್ಮಿದ್ದರೆ ಹೇಳಿ. ಖರ್ಚು ನಾವು ಹಾಕಿಕೊಳ್ಳುತ್ತೇವೆ.

ಕೋಡಿಬಾಗದವ
ಅರ್ಗಾದವರೇ, ಒಂದು ಡಬ್ಬಿಯ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ "ಬಿಣಗಾ ಪಿಕ್ನಿಕ್" ಅಂತಿದೆ. ಆದರೆ ಅದೇ ಆ ಉಪ್ಪಿನಕಾಯಿ ವಾಸನೆ ಡಬ್ಬಿ.

ಅರ್ಗಾ
ಹೋಯ್ತಾ ಹಾಗಾದರೆ?

ಶಾಲ್ಮಲಾ
ಹೋಗಿಲ್ಲ. ಆದರೆ ಮೊದಲು ಲ್ಯಾಬಿಗೆ ಹೋಗಬೇಕಾದದ್ದು ಲಾಂಚ್ ರೀಲಲ್ಲ, ಇದು. ಲಾಂಚ್ ರೀಲು ಇನ್ನೊಂದು ವರ್ಷ ಕಾಯುತ್ತೆ, ಇದು ಕಾಯಲ್ಲ. ಬಣ್ಣ ಬದಲಿಸುವ ಪಟ್ಟಿ ಬರುತ್ತೆ, ಡಬ್ಬಿಯೊಳಗೆ ಒಂದು ದಿನ ಇಟ್ಟರೆ ಆಸಿಡ್ ಎಷ್ಟಿದೆ ಅಂತ ಹೇಳುತ್ತೆ. ನೀಲಿ ಇದ್ದರೆ ಕ್ಷೇಮ, ಹಸಿರಾದರೆ ಎಚ್ಚರ, ಹಳದಿ ಆದರೆ ಓಡಿ. ಫಿಲ್ಮು ಇನ್ನೂ ಬಾಗುತ್ತದೆ ಅಂದರೆ ಸ್ಕ್ಯಾನ್ ಆಗುತ್ತೆ.

ಸ್ಕ್ಯಾನ್ ಮಾಡುವವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮ ಮಿಷಿನ್ನು ಫಿಲ್ಮನ್ನು ಹಲ್ಲಿನಿಂದ ಎಳೆಯುತ್ತದಾ, ರೋಲರಿನಿಂದ ಎಳೆಯುತ್ತದಾ? ರೋಲರ್ ಅಂದರೆ ಮಾತ್ರ ಕೊಡಿ. ಕುಗ್ಗಿದ್ದೂ, ತೂತು ಹರಿದದ್ದೂ ಅದರಲ್ಲಿ ಹೋಗುತ್ತೆ. ಫೈಲನ್ನು 4:3ರಲ್ಲೇ ಕೇಳಿ. ಟಿವಿಗೆ ತುಂಬಲಿ ಅಂತ 16:9 ಮಾಡಿದರೆ ಮೇಲೆ ಕೆಳಗೆ ಕತ್ತರಿಸುತ್ತಾರೆ. ಮತ್ತೆ ಸ್ಕ್ಯಾನ್ ಆಯಿತು ಅಂತ ಫಿಲ್ಮು ಎಸೆಯಬೇಡಿ. ಹಾರ್ಡ್ ಡಿಸ್ಕಿಗಿಂತ ಕೊಡಾಕ್ರೋಮ್ ಮೇಲೆ ನನಗೆ ನಂಬಿಕೆ ಜಾಸ್ತಿ. ಕತ್ತಲಲ್ಲಿ ಇಟ್ಟರೆ ಅದರ ಬಣ್ಣ ದಶಕಗಟ್ಟಲೆ ನಿಲ್ಲುತ್ತೆ.

ಕುಮಟಾ ಕಡ್ಲೆ
ಕೊರಿಯರಲ್ಲಿ ಎಕ್ಸ್‌ರೇ ಮಾಡುತ್ತಾರಲ್ಲ, ಫಿಲ್ಮು ಬೆಳ್ಳಗಾಗಲ್ವಾ?

ಟೂರಿಂಗ್ ಟಾಕೀಸ್
ತೊಳೆದ ಫಿಲ್ಮಿಗೆ ಎಕ್ಸ್‌ರೇ ಏನೂ ಮಾಡಲ್ಲ. ತೊಳೆಯದ ಹಸಿ ಫಿಲ್ಮಿಗೆ ಮಾತ್ರ ಭಯ. ಕೊರಿಯರಿನವರು ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಹೋಗುತ್ತಾರಲ್ಲ, ನನ್ನ ಹೆದರಿಕೆ ಅದಕ್ಕೆ. ಸಾಧ್ಯವಾದರೆ ಯಾರಾದರೂ ರೈಲಿನಲ್ಲಿ ಕೈಯಲ್ಲೇ ಒಯ್ಯಿರಿ.

ಅಟ್ಟದಡಿಕೆ
ಅಲ್ಲಿಯ ತನಕ ಆ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡಬಹುದಾ?

ಶಾಲ್ಮಲಾ
ಇಡಬಹುದು, ತಂಪಿನಲ್ಲಿ ಕೊಳೆತ ನಿಧಾನ ಆಗುತ್ತೆ. ಬಿಗಿಯಾದ ಜಿಪ್ ಚೀಲ ಒಂದರೊಳಗೊಂದು ಹಾಕಿ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ. ಕಾರವಾರದ ಗಾಳಿಗೆ ತಣ್ಣಗಿನ ಫಿಲ್ಮು ಬೆವರುತ್ತೆ. ಕೋಣೆಯ ಬಿಸಿಗೆ ಬರುವ ತನಕ ಕಾಯಿರಿ. ಹೊರಗೇ ಇಡುವುದಾದರೆ ಉಲ್ಟಾ: ಬಿಗಿ ಡಬ್ಬಿ ಬೇಡ, ಆಸಿಡ್ ಹೊರಗೆ ಹೋಗಲು ಸಂದು ಬೇಕು. ತುಕ್ಕು ಹಿಡಿದ ತಗಡಿನ ಡಬ್ಬಿಯಂತೂ ಬೇಡವೇ ಬೇಡ.

ಬೂಸ್ಟು ಬಂಗಾರಿ
ಅತ್ತೆ ಫ್ರಿಜ್ಜಿನಲ್ಲಿ ಜಾಗ ಕೊಟ್ಟರೆ ತಾನೇ.

ಕೋಡಿಬಾಗದವ
ಅಪ್‌ಡೇಟ್. ಪಿಕ್ನಿಕ್ ಡಬ್ಬಿ ಅಕ್ಕನ ಜೊತೆ ಮುಂಬೈಗೆ ಹೋಯಿತು. ರೋಲರ್ ಮಿಷಿನ್ ಇರುವವರು ಸಿಕ್ಕಿದ್ದಾರೆ. ಫಿಲ್ಮು ಇನ್ನೂ ಬಾಗುತ್ತಿದೆ, ಆಗುತ್ತೆ ಅಂದಿದ್ದಾರೆ. ಲಾಂಚ್ ರೀಲನ್ನು ನಾನೇ ಜೋಡಿಸುತ್ತಿದ್ದೇನೆ. ಹಳೇ ಸ್ಪ್ಲೈಸರ್ ಬಂತು, ಟೇಪ್ ಬಂತು. ಶಾಲ್ಮಲಾ ಅವರು ಹೇಳಿದ ಹಾಗೆ ಕತ್ತರಿ ಮುಟ್ಟಿಲ್ಲ. ಸೆಲ್ಲೋಟೇಪ್ ಭಾಗ ಹಾಗೇ ಬಿಟ್ಟಿದ್ದೇನೆ. ಸ್ಟಾರ್ ಅವರೇ, ಹಿಂದೆ ಸೇತುವೆ ಕಂಬ ಎಲ್ಲೂ ಕಾಣುವುದಿಲ್ಲ, ಬರೀ ನೀರು.

ಸದಾಶಿವಗಡ್ ಸ್ಟಾರ್
ಹಾಗಾದರೆ 70ರ ದಶಕದ್ದೋ ಅದಕ್ಕೂ ಹಿಂದಿನದ್ದೋ. ಲಾಂಚಿನ ಮೇಲೆ ಏನಾದರೂ ಹೆಸರು ಬರೆದಿದೆಯಾ ನೋಡಿ, ಅಪ್ಪನಿಗೆ ಎಲ್ಲಾ ನೆನಪಿದೆ.

ಅಟ್ಟದಡಿಕೆ
ಕಾಲ ಕಂಡುಹಿಡಿಯುವ ಇನ್ನೊಂದು ದಾರಿ. ನನ್ನ ಹತ್ತಿರ ಒಂದು 16 ಎಂಎಂ ರೀಲೂ ಇದೆ. ಅದರ ಅಂಚಿನಲ್ಲಿ ಕೊಡಕ್ ಹೆಸರಿನ ಪಕ್ಕ ಚೌಕ, ತ್ರಿಕೋನದಂಥ ಸಣ್ಣ ಗುರುತು ಇರುತ್ತೆ. ಪ್ರತಿ ವರ್ಷಕ್ಕೆ ಬೇರೆ ಗುರುತು. ಪಟ್ಟಿ ಹುಡುಕಿ ನೋಡಿದರೆ 1938 ಅಥವಾ 1958! 20 ವರ್ಷಕ್ಕೊಮ್ಮೆ ಅದೇ ಗುರುತು ವಾಪಸ್ ಬರುತ್ತಂತೆ. ಅಜ್ಜನ ತಲೆಯಲ್ಲಿ ಕೂದಲಿದೆಯಾ ಇಲ್ಲವಾ ನೋಡಿ ನಾವೇ ತೀರ್ಮಾನ ಮಾಡಿದೆವು. 1958.

ಹೊನ್ನಾವರ ಹೊಳೆ
ಯಾರಾದರೂ ಆಟ ಬಲ್ಲವರು ಇದ್ದೀರಾ? ಲೆನ್ಸಿನಲ್ಲಿ ನೋಡಿದರೆ ಕೇದಗೆ ಮುಂದಲೆ ಕಟ್ಟಿದ ಹುಡುಗ ವೇಷ, ಎದುರಿಗೆ ದೊಡ್ಡ ಕಿರೀಟದ ವೇಷ. ಅಪ್ಪ ಅಭಿಮನ್ಯು ಕಾಳಗ ಅನ್ನುತ್ತಾರೆ, ಚಿಕ್ಕಪ್ಪ ಬಬ್ರುವಾಹನ ಅನ್ನುತ್ತಾರೆ. ಮನೆಯಲ್ಲಿ ಇದಕ್ಕೇ ದೊಡ್ಡ ಜಗಳ.

ಟೂರಿಂಗ್ ಟಾಕೀಸ್
ಮುಂದಲೆ ನೋಡಿ ಹೇಳಲಿಕ್ಕೆ ಬರಲ್ಲ, ಇಬ್ಬರಿಗೂ ಅದನ್ನೇ ಕಟ್ಟುತ್ತಾರೆ. ಎದುರಿಗೆ ಒಬ್ಬನೇ ಇದ್ದಾನಾ, ಸುತ್ತ ನಾಲ್ಕೈದು ಜನ ಮುತ್ತಿದ್ದಾರಾ ನೋಡಿ. ಮುತ್ತಿದ್ದರೆ ಚಕ್ರವ್ಯೂಹ, ನಿಮ್ಮಪ್ಪ ಗೆದ್ದರು.

ಹೊನ್ನಾವರ ಹೊಳೆ
ಅಲ್ಲೇ ಫಿಲ್ಮು ತುಂಡಾಗಿದೆ ಸ್ವಾಮಿ. ಟೇಪಿಗೆ ಆರ್ಡರ್ ಹಾಕಿದ್ದೇನೆ.